ತುಂಬದ ಟಾಕಿಯ ಗುಟ್ಟು: ಯಾದಗಿರಿ, ಶಹಾಪುರ, ಸುರಪುರದ ನೆಲದಡಿಯ ಇತಿಹಾಸ

ಊಟ ಮಾಡ್ತಾ ಈ ಸಂಚಿಕೆ ಕೇಳ್ತಿದ್ರೆ ಒಂದು ಕೆಲಸ ಮಾಡಿ. ಇಲ್ಲಿಗೇ ನಿಲ್ಲಿಸಿ, ಊಟ ಮುಗಿಸಿ ಬನ್ನಿ. ಯಾಕಂದ್ರೆ ಇವತ್ತಿನ ಮಾತು ಸಂಡಾಸದ ಗುಂಡಿಯ ಬಗ್ಗೆ.

ಶಹಾಪುರದಿಂದ ಸುರಪುರಕ್ಕೆ ಹೋಗೋ ರಸ್ತೆಯಿಂದ ಸ್ವಲ್ಪ ಒಳಗೆ ನಮ್ಮ ಆಯಿಯ ಊರಿದೆ. ಆ ಮನೆಯಲ್ಲಿ ನಮ್ಮ ಮುತ್ಯಾ ಬಂದವರಿಗೆಲ್ಲ ಒಂದು ಮಾತು ಹೇಳ್ತಿದ್ದ. "ನಮ್ಮ ಟಾಕಿ ಕಟ್ಟಿಸಿ ಹದಿನೈದು ವರ್ಷ ಆತು. ಇನ್ನಾ ಒಮ್ಮಿನೂ ತುಂಬಿಲ್ಲ ನೋಡ್ರಿ." ಬೀಗರು ತಲೆ ಆಡಿಸೋರು. ಚಿಕ್ಕವನಾಗಿದ್ದ ನಾನೂ ಆಡಿಸ್ತಿದ್ದೆ. ಒಳ್ಳೆ ಟಾಕಿ ಅಂದ್ರೆ ತುಂಬದೇ ಇರೋದು ಅಂತಲೇ ನಾವೆಲ್ಲ ತಿಳಿದಿದ್ವಿ.

ಒಂದು ಬೇಸಿಗೆಯಲ್ಲಿ ಬೋರಿನ ನೀರು ವಾಸನೆ ಬರೋಕೆ ಶುರುವಾಯ್ತು. ಗೌಂಡಿಯನ್ನ ಕರೆಸಿದ್ರು. ಅವನು ಟಾಕಿ ಮೇಲಿನ ಪರಸಿ ಕಲ್ಲು ಸರಿಸಿ, ದೂರ ನಿಂತು, ಒಳಗೆ ಬ್ಯಾಟರಿ ಬಿಟ್ಟ. ಗೋಡೆ ಮೂಲೆಯಿಂದ ಮೂಲೆಗೆ ಸೀಳಿತ್ತು. ನೀರು ಹೊರಹೋಗೋ ಪೈಪಿಗಿಂತ ಎಷ್ಟೋ ಕೆಳಗೆ ನಿಂತಿತ್ತು. ಆ ಪೈಪು ಒಣಗಿ ಹೋಗಿತ್ತು. ಗೌಂಡಿ ಹೇಳಿದ್ದು ಇಷ್ಟೇ: "ತುಂಬಬೇಕಂದ್ರ ಒಳಗ ನಿಲ್ಲಬೇಕಲ್ರಿ ಯಜಮಾನ್ರ." ಟಾಕಿಗೂ ಬೋರಿಗೂ ಇದ್ದ ಅಂತರ ಇಪ್ಪತ್ತೈದು ಅಡಿಯೂ ಇರಲಿಲ್ಲ.

ಹಾಗಾದ್ರೆ ಹದಿನೈದು ವರ್ಷದ್ದು ಎಲ್ಲಿಗೆ ಹೋಯ್ತು? ಇವತ್ತಿನ ಕಥೆ ಈ ಪ್ರಶ್ನೆಯ ಹಿಂದೆ ಹೋಗುತ್ತೆ.

ಮೊದಲು ಹಳೇ ಕಾಲಕ್ಕೆ ಹೋಗೋಣ. ಯಾದಗಿರಿ ಕೋಟೆ ಹತ್ತಿದ್ರೆ ಬಂಡೆಗಳ ನಡುವೆ ನೀರು ಹಿಡಿದಿಟ್ಟ ಹೊಂಡಗಳು ಕಾಣ್ತವೆ. ಸುರಪುರದ ಹತ್ತಿರ ಬೋನಾಳ ಕೆರೆ ಇದೆ. ಅದನ್ನ ಸುರಪುರದ ನಾಯಕ ಅರಸರು ಕಟ್ಟಿಸಿದರು, 19ನೇ ಶತಮಾನದಲ್ಲಿ ಮೆಡೋಸ್ ಟೇಲರ್ ಸುಧಾರಿಸಿದ. ಟೇಲರ್ 1853ರವರೆಗೆ ಸುರಪುರದಲ್ಲಿ ಬ್ರಿಟಿಷರ ಪರವಾಗಿ ಆಡಳಿತ ನೋಡಿಕೊಂಡವನು. ಗುಡ್ಡದ ಮೇಲೆ ಅವನು ಕಟ್ಟಿಸಿದ ಬಂಗಲೆ 'ಟೇಲರ್ ಮಂಜಿಲ್' ಈಗಲೂ ಇದೆ. ಅಂದ್ರೆ ಊರಿಗೆ ನೀರು ಹೇಗೆ ಬಂತು ಅನ್ನೋದಕ್ಕೆ ನಮ್ಮಲ್ಲಿ ಕೆರೆ, ಬಾವಿ, ಬರಹ ಎಲ್ಲ ಸಾಕ್ಷಿಗಳಿವೆ. ಹೊಲಸು ಹೇಗೆ ಹೋಯ್ತು ಅನ್ನೋದಕ್ಕೆ ಅಂಥ ಸಾಕ್ಷಿ ಸಿಗೋದು ಕಷ್ಟ.

ಭಾಷೆಯಲ್ಲಿ ಮಾತ್ರ ಒಂದು ಸುಳಿವಿದೆ. ನಮ್ಮ ಕಡೆ ಶೌಚದ ಕೋಣೆಗೆ ಸಂಡಾಸ ಅಂತಾರೆ, ಪಾಯಖಾನಿ ಅಂತಾರೆ. ಪಾಯಖಾನಿ ಪಾರ್ಸಿಯಿಂದ ಬಂದ ಪದ, ಸಂಡಾಸ ಮರಾಠಿ-ಹಿಂದಿಯಲ್ಲೂ ಇರೋ ಪದ. ಆದ್ರೆ ಹೋಗೋ ಕೆಲಸಕ್ಕೆ ಮಾತ್ರ ಅಚ್ಚ ಕನ್ನಡ: ಹೊರಕಡಿಗೆ, ಬೈಲಕಡಿಗೆ. ಹಳ್ಳಿಯವರಿಗೆ ಅದು ಮನೆಯ ಹೊರಗಿನ ಕೆಲಸ. ಗಂಡಸರು ತಂಬಿಗೆ ಹಿಡಿದು ಯಾವಾಗ ಬೇಕಾದ್ರೂ ಹೋಗಬಹುದಿತ್ತು. ಹೆಂಗಸರಿಗೆ ಇದ್ದದ್ದು ಎರಡೇ ಹೊತ್ತು, ಬೆಳಗಾಗೋ ಮೊದಲು ಮತ್ತು ಕತ್ತಲಾದ ಮೇಲೆ. ನಡುವಿನ ಹನ್ನೆರಡು ತಾಸು ತಡೆದುಕೊಳ್ಳಬೇಕು. ನಮ್ಮ ಆಯಿ ಮಧ್ಯಾಹ್ನ ನೀರು ಕುಡಿಯೋದೇ ಕಡಿಮೆ. ಅದು ಆ ಕಾಲದ ಅಭ್ಯಾಸ, ಇನ್ನೂ ಬಿಟ್ಟಿಲ್ಲ.

ಪಟ್ಟಣಗಳ ಕಥೆ ಬೇರೆ. ಅಲ್ಲಿ ಉಳ್ಳವರ ಮನೆಗಳಲ್ಲಿ ಒಣ ಪಾಯಖಾನೆ ಇರ್ತಿತ್ತು. ಬೆಳಿಗ್ಗೆ ಹಿತ್ತಿಲ ಬಾಗಿಲಿಂದ ಒಬ್ಬರು ಬಂದು, ಬುಟ್ಟಿಗೆ ತುಂಬಿ, ತಲೆ ಮೇಲೆ ಹೊತ್ತು ಊರಾಚೆ ಹಾಕಬೇಕು. ಆ ಒಬ್ಬರು ಯಾವ ಜಾತಿಯವರಾಗಿರ್ತಿದ್ರು ಅಂತ ನಾನು ಹೇಳಬೇಕಾಗಿಲ್ಲ.

ಸುರಪುರ 1860ರಲ್ಲಿ ಹೈದರಾಬಾದ್ ನಿಜಾಮರ ಕೈ ಸೇರಿತು. ಯಾದಗಿರಿ, ಶಹಾಪುರ, ಸುರಪುರ ಮೂರೂ ಮುಂದೆ ಗುಲ್ಬರ್ಗಾ ಜಿಲ್ಲೆಯಲ್ಲೇ ಇದ್ದವು. 1908ರಲ್ಲಿ ಮೂಸಿ ನದಿಯ ಪ್ರವಾಹ ಹೈದರಾಬಾದನ್ನ ಮುಳುಗಿಸಿದಾಗ ನಿಜಾಮರು ನಮ್ಮ ಸರ್ ಎಂ. ವಿಶ್ವೇಶ್ವರಯ್ಯ ಅವರನ್ನ ಕರೆಸಿದರು. ಅವರು ಪ್ರವಾಹ ತಡೆಯೋ ಯೋಜನೆ ಕೊಟ್ಟರು, ಜೊತೆಗೆ ನಗರಕ್ಕೆ ಒಳಚರಂಡಿಯ ಯೋಜನೆಯನ್ನೂ ಕೊಟ್ಟರು. ರಾಜಧಾನಿ ತನ್ನ ಹೊಲಸನ್ನ ಕೊಳವೆಯಲ್ಲಿ ಸಾಗಿಸೋದನ್ನ ಕಲಿತುಕೊಂಡಿತು. ನಮ್ಮ ಹಳ್ಳಿಗಳಿಗೆ ಉಳಿದದ್ದು ಬಯಲೇ.

ಹಾಗಾದ್ರೆ ಕೊಳವೆ ಬರದ ಊರಿಗೆ ಏನು ದಾರಿ? ಅದಕ್ಕೆ ಉತ್ತರ ಹುಟ್ಟಿದ್ದು ಫ್ರಾನ್ಸಿನಲ್ಲಿ, ಅದೂ ಒಂಥರಾ ಅಕಸ್ಮಾತ್ತಾಗಿ. ಸುಮಾರು 1860ರಲ್ಲಿ ವೆಸೂಲ್ ಅನ್ನೋ ಊರಲ್ಲಿ ಜಾನ್ ಲೂಯಿ ಮೂರಾ ಅನ್ನೋನು ತನ್ನ ಮನೆಗೆ ನೀರು ಸೋರದ ಒಂದು ತೊಟ್ಟಿ ಕಟ್ಟಿದ. ಒಂದು ಕಡೆಯಿಂದ ಶೌಚದ ನೀರು ಒಳಗೆ, ಇನ್ನೊಂದು ಕಡೆಯಿಂದ ನೀರು ಹೊರಗೆ. ಹನ್ನೆರಡು ವರ್ಷದಷ್ಟು ಕಳೆದ ಮೇಲೆ ತೆರೆದು ನೋಡಿದ್ರೆ ಗಟ್ಟಿ ಹೊಲಸು ಬಹಳ ಕಡಿಮೆ, ಬಹುಪಾಲು ನೀರೇ. 1881ರಲ್ಲಿ ಅವನಿಗೆ ಪೇಟೆಂಟ್ ಸಿಕ್ಕಿತು. 1895ರ ಹೊತ್ತಿಗೆ ಇಂಗ್ಲೆಂಡಿನ ಎಕ್ಸೆಟರ್ ನಗರದ ಡೊನಾಲ್ಡ್ ಕ್ಯಾಮರಾನ್ ಅನ್ನೋ ಅಧಿಕಾರಿ ಇಂಥದ್ದೇ ದೊಡ್ಡ ತೊಟ್ಟಿ ಕಟ್ಟಿ ಅದಕ್ಕೆ 'ಸೆಪ್ಟಿಕ್ ಟ್ಯಾಂಕ್' ಅಂತ ಹೆಸರಿಟ್ಟ. ಸೆಪ್ಟಿಕ್ ಅಂದ್ರೆ ಗ್ರೀಕ್ ಮೂಲದಲ್ಲಿ ಕೊಳೆಸುವಂಥದ್ದು.

ಮೂರಾನ ತೊಟ್ಟಿಯೂ ಹನ್ನೆರಡು ವರ್ಷ ತುಂಬಲಿಲ್ಲ, ಮುತ್ಯಾನ ಟಾಕಿಯೂ ಹದಿನೈದು ವರ್ಷ ತುಂಬಲಿಲ್ಲ. ವ್ಯತ್ಯಾಸ ಏನು? ಮೂರಾನ ತೊಟ್ಟಿ ಸೋರುತ್ತಿರಲಿಲ್ಲ. ಇಲ್ಲಿ ಸ್ವಲ್ಪ ಗಮನ ಕೊಡಿ. ಸರಿಯಾದ ಸೆಪ್ಟಿಕ್ ಟ್ಯಾಂಕಿನಲ್ಲಿ ನೀರು ಯಾವಾಗಲೂ ಹೊರಪೈಪಿನ ಮಟ್ಟದವರೆಗೆ ನಿಂತೇ ಇರಬೇಕು. ಭಾರದ್ದು ತಳಕ್ಕೆ ಕೂರುತ್ತೆ, ಅದು ಕೆಸರು. ಜಿಡ್ಡು ಮೇಲೆ ತೇಲುತ್ತೆ, ಹಾಲಿನ ಕೆನೆ ಥರ. ನಡುವಿನ ನೀರಷ್ಟೇ ಹೊರಗೆ ಹೋಗಬೇಕು. ಅದಕ್ಕೇ ಟೀ ಆಕಾರದ ಪೈಪು ಹಾಕೋದು. ಗಾಳಿ ಬೇಡದ ಸೂಕ್ಷ್ಮಜೀವಿಗಳು ಕೆಸರನ್ನ ನಿಧಾನಕ್ಕೆ ತಿಂದು ಕರಗಿಸ್ತವೆ. ಹೀಗೆ ತಿಂದು ಉಳಿದದ್ದನ್ನ ಎರಡು ಮೂರು ವರ್ಷಕ್ಕೊಮ್ಮೆ ಯಂತ್ರದಿಂದ ತೆಗೆಸಬೇಕು.

ಇದಕ್ಕೆ ನಮ್ಮ ದೇಶದಲ್ಲಿ ಬರೆದಿಟ್ಟ ಅಳತೆಯೇ ಇದೆ, ಭಾರತೀಯ ಮಾನಕ 2470. ಐದು ಜನರ ಮನೆಗೆ ಒಂದೂವರೆ ಮೀಟರ್ ಉದ್ದ, ಮುಕ್ಕಾಲು ಮೀಟರ್ ಅಗಲ, ನೀರು ನಿಲ್ಲೋ ಆಳ ಒಂದು ಮೀಟರ್. ಅಂದಾಜು ಐದಡಿ, ಎರಡೂವರೆ ಅಡಿ, ಮೂರೂಕಾಲು ಅಡಿ. ಅಷ್ಟೇ! ನಮ್ಮೂರಲ್ಲಿ ಹತ್ತಡಿ, ಹನ್ನೆರಡಡಿ ತೋಡಿ 'ಇನ್ನ ನಾವು ಇರೋತನಾ ಚಿಂತಿ ಇಲ್ಲ' ಅಂತಾರಲ್ಲ, ಆ ಆಳ ಬೇಕಾಗೇ ಇಲ್ಲ. ಇನ್ನೊಂದು ಮಾತು. ಟ್ಯಾಂಕಿನಿಂದ ಹೊರಬರೋ ನೀರು ತಿಳಿಯಾಗಿ ಕಂಡ್ರೂ ಅದರಲ್ಲಿ ರೋಗಾಣು ಇರ್ತವೆ. ಅದನ್ನ ಚರಂಡಿಗೆ ಬಿಡಬಾರದು, ಇಂಗುಗುಂಡಿಗೆ ಬಿಡಬೇಕು. ಆ ಇಂಗುಗುಂಡಿ ಕುಡಿಯೋ ನೀರಿನ ಮೂಲದಿಂದ 18 ಮೀಟರ್, ಅಂದ್ರೆ ಸುಮಾರು 60 ಅಡಿ ದೂರ ಇರಬೇಕು.

ಅಳತೆ ಗೊತ್ತಾಯ್ತು. ಆದ್ರೆ ಅಳತೆ ಪುಸ್ತಕದ್ದು, ನೆಲ ನಮ್ಮದು. ಈ ಮೂರು ತಾಲೂಕಿನ ನೆಲ ಒಂದೇ ಥರ ಇಲ್ಲ.

ಮೊದಲನೇದು ಬಂಡೆ. ಸುರಪುರ ಊರೇ ಗುಡ್ಡ-ಬಂಡೆಗಳ ನಡುವೆ ಕೂತಿದೆ. ಯಾದಗಿರಿ ಕೋಟೆ ಬಂಡೆ ಮೇಲಿದೆ. ಶಹಾಪುರದ ಮಲಗಿದ ಬುದ್ಧ ಅಂತ ನಾವು ತೋರಿಸೋ ಗುಡ್ಡವೂ ಬಂಡೆಯ ಸಾಲು. ಬಂಡೆ ನೀರನ್ನ ಹೀರೋದಿಲ್ಲ. ಆದ್ರೆ ಅದರಲ್ಲಿ ಬಿರುಕು ಇರುತ್ತೆ, ಆ ಬಿರುಕಿನಲ್ಲಿ ಹೊಲಸು ನೀರು ಸೋಸದೇ, ಮಣ್ಣು ತಾಗದೇ, ನೇರ ದೂರದ ಬಾವಿಗೆ ಹರಿಯುತ್ತೆ.

ಎರಡನೇದು ಎರಿ ಭೂಮಿ, ಅಂದ್ರೆ ಕಪ್ಪು ಮಣ್ಣು. ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರಿಯುತ್ತೆ, ಮಳೆಗಾಲದಲ್ಲಿ ಉಬ್ಬುತ್ತೆ. ಒಂದು ವರ್ಷಕ್ಕೆ ಒಮ್ಮೆ ಗೋಡೆಯನ್ನ ತಳ್ಳುತ್ತೆ, ಒಮ್ಮೆ ಬಿಡುತ್ತೆ. ಹೀಗೆ ಹದಿನೈದು ವರ್ಷ ತಳ್ಳಿ, ಬಿಟ್ಟು, ನಮ್ಮ ಮುತ್ಯಾನ ಟಾಕಿಯ ಗೋಡೆ ಸೀಳಿತು. ಇದಕ್ಕೂ ಸರ್ಕಾರಿ ಕೈಪಿಡಿಯಲ್ಲಿ ಪರಿಹಾರ ಇದೆ. ಕಪ್ಪು ಮಣ್ಣಿನಲ್ಲಿ ಶೌಚಗುಂಡಿ ಕಟ್ಟೋವಾಗ ಗೋಡೆಯ ಸುತ್ತ ಕನಿಷ್ಠ 300 ಮಿಲಿಮೀಟರ್, ಅಂದ್ರೆ ಒಂದಡಿ, ಉಸುಕು ಇಲ್ಲವೇ ಸಣ್ಣ ಜಲ್ಲಿ ತುಂಬಬೇಕು. ಮಣ್ಣು ಉಬ್ಬಿದ್ರೆ ಆ ಒತ್ತಡವನ್ನ ಉಸುಕು ತಡ್ಕೊಳ್ಳುತ್ತೆ. ಒಂದು ಟ್ರ್ಯಾಕ್ಟರ್ ಉಸುಕಿನ ಮಾತು ಅಷ್ಟೇ.

ಕಪ್ಪು ಮಣ್ಣಿಗೆ ಇನ್ನೊಂದು ಗುಣ ಇದೆ, ನೀರು ಹೀರೋದು ಬಹಳ ನಿಧಾನ. ಲೆಕ್ಕ ನೋಡಿ. ಉಸುಕು ನೆಲ ಒಂದು ಚದರ ಮೀಟರಿಗೆ ದಿನಕ್ಕೆ 50 ಲೀಟರ್ ಹೀರುತ್ತೆ ಅಂತ ಲೆಕ್ಕ ಹಿಡಿದ್ರೆ, ಎರಿ ಮಣ್ಣಿಗೆ ಹಿಡಿಯೋದು 10 ಲೀಟರ್. ಒಬ್ಬರು ದಿನಕ್ಕೆ ಒಂಬತ್ತೂವರೆ ಲೀಟರ್ ಸುರೀತಾರೆ ಅನ್ನೋದು ಕೈಪಿಡಿಯ ಲೆಕ್ಕ. ಐದು ಜನಕ್ಕೆ ಸುಮಾರು 48 ಲೀಟರ್. ಉಸುಕು ನೆಲದಲ್ಲಿ ಅದಕ್ಕೆ ಒಂದು ಚದರ ಮೀಟರ್ ಗೋಡೆ ಸಾಕು. ಎರಿ ನೆಲದಲ್ಲಿ ಐದು ಬೇಕು. ಇದು ತಂಬಿಗೆ, ಬಕೆಟ್ಟಿನ ಲೆಕ್ಕ. ಈಗ ಪಟ್ಟಣ ನೋಡಿ ಬಂದ ಮಗ ಫ್ಲಶ್ ಹಾಕಿಸ್ತಾನೆ. ಒಂದೊಂದು ಸಲಕ್ಕೆ ಹತ್ತು ಲೀಟರ್, ಐದು ಜನ ದಿನಕ್ಕೆ ಮೂರು ಸಲ ಅಂದ್ರೆ 150 ಲೀಟರ್. ಮೇಲೆ ಬಚ್ಚಲಿನ ನೀರನ್ನೂ ಅದೇ ಪೈಪಿಗೆ ಸೇರಿಸ್ತಾನೆ. ಆಮೇಲೆ 'ಗುಂಡಿ ಆರ್ ತಿಂಗಳಿಗೇ ತುಂಬ್ತು' ಅಂತ ಗೌಂಡಿಯನ್ನ ಬೈತಾನೆ.

ಮೂರನೇದು ಕಾಲುವೆ ನೆಲ. ಕೃಷ್ಣಾ ಮೇಲ್ದಂಡೆ ಯೋಜನೆಗೆ 1964ರಲ್ಲಿ ಆಲಮಟ್ಟಿಯಲ್ಲಿ ಅಡಿಗಲ್ಲು ಹಾಕಿದವರು ಲಾಲ್ ಬಹದ್ದೂರ್ ಶಾಸ್ತ್ರಿ. 1982ರ ಹೊತ್ತಿಗೆ ನಾರಾಯಣಪುರ ಜಲಾಶಯ ಸಿದ್ಧವಾಯ್ತು, ಎಡದಂಡೆ ಕಾಲುವೆಯ ನೀರು ಸುರಪುರ, ಶಹಾಪುರದ ಹೊಲಗಳಿಗೆ ಬಂತು. ಜೋಳ, ತೊಗರಿ ಬೆಳೀತಿದ್ದ ಕಡೆ ಭತ್ತದ ಗದ್ದೆ ಬಂತು. ಅದರಿಂದ ಎಷ್ಟೋ ಮನೆಗಳ ಬದುಕು ಸುಧಾರಿಸಿತು, ಸುಳ್ಳಲ್ಲ. ಆದ್ರೆ ತಗ್ಗಿನಲ್ಲಿ ನೆಲ ಸವಳು-ಜವಳಾಯ್ತು. ನೆಲದಡಿಯ ನೀರು ಮೇಲೆ ಬಂತು. ಅಂಥ ಕಡೆ ಆಳದ ಗುಂಡಿ ತೋಡಿದ್ರೆ ಅದು ಗುಂಡಿಯಲ್ಲ, ಬಾವಿ. ಹೊಲಸನ್ನ ನೇರ ಅಂತರ್ಜಲಕ್ಕೆ ಸುರಿದ ಹಾಗೆ. ಬಯಲೂ ಕಡಿಮೆಯಾಯ್ತು. ವರ್ಷವಿಡೀ ನೀರು ನಿಂತ ಗದ್ದೆಯಲ್ಲಿ ಹೊರಕಡಿಗೆ ಕೂರೋಕೆ ಜಾಗ ಎಲ್ಲಿ?

ಅದೇ 1980ರ ದಶಕದಲ್ಲಿ ಇನ್ನೊಂದು ದೊಡ್ಡ ಕೆಲಸ ನಡೀತು. ರಾಮಕೃಷ್ಣ ಹೆಗಡೆ ಸರ್ಕಾರದಲ್ಲಿ ಗ್ರಾಮೀಣಾಭಿವೃದ್ಧಿ ಸಚಿವರಾಗಿದ್ದ ಅಬ್ದುಲ್ ನಜೀರ್ ಸಾಬ್ ಹಳ್ಳಿಹಳ್ಳಿಗೆ ಬೋರ್‌ವೆಲ್ ಕೊಡಿಸಿದರು. ಜನ ಪ್ರೀತಿಯಿಂದ ಅವರನ್ನ 'ನೀರ್ ಸಾಬ್' ಅಂದರು. 1986ರಲ್ಲಿ ಕೇಂದ್ರ ಸರ್ಕಾರದ ಗ್ರಾಮೀಣ ನೈರ್ಮಲ್ಯ ಕಾರ್ಯಕ್ರಮ ಶುರುವಾಯ್ತು. 1999ರಲ್ಲಿ ಸಂಪೂರ್ಣ ಸ್ವಚ್ಛತಾ ಆಂದೋಲನ, 2012ರಲ್ಲಿ ನಿರ್ಮಲ ಭಾರತ, 2014ರ ಅಕ್ಟೋಬರ್ 2ರಂದು ಸ್ವಚ್ಛ ಭಾರತ. ಬೋರೂ ಒಳ್ಳೇದು, ಸಂಡಾಸವೂ ಒಳ್ಳೇದು. ಆದ್ರೆ ಎರಡೂ ಬೇರೆ ಬೇರೆ ಯೋಜನೆಯಾಗಿ ಬಂದು ಒಂದೇ ಹಿತ್ತಿಲಲ್ಲಿ ಅಕ್ಕಪಕ್ಕ ಕೂತವು. ನಡುವೆ 60 ಅಡಿ ಬಿಡಬೇಕು ಅಂತ ಹಿತ್ತಿಲಿಗೆ ಬಂದು ಹೇಳಿದವರು ಕಡಿಮೆ. 30-40ರ ನಿವೇಶನದಲ್ಲಿ 60 ಅಡಿ ಸಿಗೋದಾದ್ರೂ ಎಲ್ಲಿ?

ಸ್ವಚ್ಛ ಭಾರತದಲ್ಲಿ ಒಂದು ಶೌಚಾಲಯಕ್ಕೆ 12,000 ರೂಪಾಯಿ ಸಹಾಯಧನ. ಫೋಟೋ ತೆಗೆದು ಅಪ್‌ಲೋಡ್ ಮಾಡಬೇಕು. ಫೋಟೋದಲ್ಲಿ ಕಾಣೋದು ಗೋಡೆ, ಬಾಗಿಲು, ಬಣ್ಣ. ಗುಂಡಿ ಕಾಣೋದಿಲ್ಲ. 2019ರ ಅಕ್ಟೋಬರ್ 2ರಂದು ಗ್ರಾಮೀಣ ಭಾರತ ಬಯಲು ಶೌಚ ಮುಕ್ತ ಅಂತ ಘೋಷಣೆಯಾಯ್ತು. ಲೆಕ್ಕ ಹಾಕಿದ್ದು ನೆಲದ ಮೇಲಿನದ್ದನ್ನ.

ಹಾಗಂತ ಯೋಜನೆ ಮಾಡಿದವರಿಗೆ ಗುಂಡಿಯ ಬಗ್ಗೆ ಗೊತ್ತಿರಲಿಲ್ಲ ಅಂತಲ್ಲ. ಹಳ್ಳಿ ಮನೆಗೆ ಅವರು ಹೇಳಿದ್ದು ಸೆಪ್ಟಿಕ್ ಟ್ಯಾಂಕನ್ನಲ್ಲ, ಎರಡು ಗುಂಡಿಯ ಶೌಚಾಲಯವನ್ನ. 1970ರಲ್ಲಿ ಬಿಹಾರದಲ್ಲಿ ಸುಲಭ್ ಸಂಸ್ಥೆ ಕಟ್ಟಿದ ಬಿಂದೇಶ್ವರ ಪಾಠಕ್ ಇದನ್ನ ದೇಶಕ್ಕೆಲ್ಲ ಹಬ್ಬಿಸಿದರು. ಒಂದು ಗುಂಡಿ ತುಂಬಿದ ಮೇಲೆ ಪೈಪನ್ನ ಇನ್ನೊಂದಕ್ಕೆ ತಿರುಗಿಸೋದು. ಮೊದಲನೇದನ್ನ ಮುಚ್ಚಿ ಎರಡು ವರ್ಷ ಬಿಟ್ಟರೆ ಒಳಗಿರೋದು ವಾಸನೆ ಇಲ್ಲದ ಒಣ ಗೊಬ್ಬರ. ಜನ ನಂಬಲಿ ಅಂತ 2017ರ ಫೆಬ್ರುವರಿಯಲ್ಲಿ ಕೇಂದ್ರದ ಕಾರ್ಯದರ್ಶಿ ಪರಮೇಶ್ವರನ್ ಅಯ್ಯರ್ ತೆಲಂಗಾಣದ ವಾರಂಗಲ್ ಕಡೆಯ ಗಂಗದೇವಿಪಲ್ಲಿಯಲ್ಲಿ ತಾವೇ ಅಂಥ ಗುಂಡಿಗೆ ಇಳಿದು ಗೊಬ್ಬರ ತೆಗೆದರು. ಅಷ್ಟು ದೊಡ್ಡ ಅಧಿಕಾರಿ ಇಳಿದದ್ದು ದೇಶಕ್ಕೆಲ್ಲ ಸುದ್ದಿಯಾಯ್ತು. ಯಾಕೆ ಸುದ್ದಿಯಾಯ್ತು ಯೋಚಿಸಿ. ನಮ್ಮಲ್ಲಿ ಗುಂಡಿಗೆ ಇಳಿಯೋರು ಯಾರು ಅನ್ನೋದು ಹುಟ್ಟಿನಿಂದ ತೀರ್ಮಾನವಾಗಿತ್ತು.

ಜನ ಎರಡು ಗುಂಡಿ ಬಿಟ್ಟು ಒಂದೇ ಆಳದ ಗುಂಡಿ ತೋಡಿದ್ದಕ್ಕೂ ಇದೇ ಒಂದು ಕಾರಣ. 'ಎರಡು ವರ್ಷಕ್ಕೆ ತುಂಬಿದ್ರ ತೆಗೆಯೋರು ಯಾರು? ನಾವು ತೆಗೀಬೇಕಾ?' ನಮ್ಮ ಮುತ್ಯಾನ ಹೆಮ್ಮೆಯ ಹಿಂದೆಯೂ ಈ ಅಂಜಿಕೆಯೇ ಇತ್ತು.

ಹಾಗಾಗಿ ಗುಂಡಿಯ ಇತಿಹಾಸವನ್ನ ಇಳಿದವರ ಇತಿಹಾಸ ಬಿಟ್ಟು ಹೇಳೋಕಾಗಲ್ಲ. 1970ರ ದಶಕದಲ್ಲಿ ದೇವರಾಜ ಅರಸು ಸಂಪುಟದ ಸಚಿವ ಬಿ. ಬಸವಲಿಂಗಪ್ಪ ಕರ್ನಾಟಕದಲ್ಲಿ ತಲೆ ಮೇಲೆ ಮಲ ಹೊರುವ ಪದ್ಧತಿಯನ್ನ ನಿಷೇಧಿಸಿದರು. ದೇಶಕ್ಕೆ ಅಂಥ ಕಾಯ್ದೆ ಬಂದದ್ದು 1993ರಲ್ಲಿ. ಕಾಯ್ದೆ ಬಂದ ಮೇಲೂ, 2010ರ ಜುಲೈನಲ್ಲಿ ಹಾವೇರಿ ಜಿಲ್ಲೆಯ ಸವಣೂರಿನಲ್ಲಿ ಭಂಗಿ ಸಮುದಾಯದವರು ತಮ್ಮ ಮೈಮೇಲೆ ಮಲ ಸುರಿದುಕೊಂಡು ಪ್ರತಿಭಟಿಸಿದರು. ಕೋಲಾರ ಚಿನ್ನದ ಗಣಿ ಪ್ರದೇಶದಲ್ಲಿ ಹುಟ್ಟಿದ ಬೆಜವಾಡ ವಿಲ್ಸನ್ ಸಫಾಯಿ ಕರ್ಮಚಾರಿ ಆಂದೋಲನದ ಮೂಲಕ ಸುಪ್ರೀಂ ಕೋರ್ಟಿನವರೆಗೆ ಹೋದರು. 2013ರಲ್ಲಿ ಹೊಸ ಕಾಯ್ದೆ ಬಂತು. ಸುರಕ್ಷಾ ಸಾಧನ ಇಲ್ಲದೆ ಸೆಪ್ಟಿಕ್ ಟ್ಯಾಂಕಿಗೆ ಮನುಷ್ಯನನ್ನ ಇಳಿಸಿದ್ರೆ ಮೊದಲ ಸಲಕ್ಕೇ ಎರಡು ವರ್ಷದವರೆಗೆ ಜೈಲು, ಎರಡು ಲಕ್ಷದವರೆಗೆ ದಂಡ, ಅಥವಾ ಎರಡೂ. 2014ರಲ್ಲಿ ಸುಪ್ರೀಂ ಕೋರ್ಟ್ ಸತ್ತವರ ಕುಟುಂಬಕ್ಕೆ 10 ಲಕ್ಷ ಪರಿಹಾರ ಕೊಡಬೇಕು ಅಂತು. 2023ರ ಅಕ್ಟೋಬರ್‌ನಲ್ಲಿ ಅದನ್ನ 30 ಲಕ್ಷಕ್ಕೆ ಏರಿಸಿತು. ಮೊತ್ತ ಏರಿಸಬೇಕಾಗಿ ಬಂತು ಅಂದ್ರೆ ಸಾವು ನಿಂತಿರಲಿಲ್ಲ ಅಂತಲೇ ಅರ್ಥ.

ಸಾಯೋದು ಹೇಗೆ? ಕೆಸರು ಕೊಳೆಯುವಾಗ ಮೀಥೇನ್ ಜೊತೆ ಹೈಡ್ರೋಜನ್ ಸಲ್ಫೈಡ್ ಅನ್ನೋ ಅನಿಲ ಹುಟ್ಟುತ್ತೆ. ಮೊದಲು ಕೊಳೆತ ಮೊಟ್ಟೆಯ ವಾಸನೆ ಬರುತ್ತೆ, ಹೆಚ್ಚಾದಾಗ ಮೂಗಿಗೆ ವಾಸನೆಯೇ ತಿಳಿಯೋದಿಲ್ಲ. 'ವಾಸನಿ ಹೋತು, ಇನ್ನ ಇಳೀಬಹುದು' ಅಂತ ಅನ್ಕೊಳ್ಳೋ ಹೊತ್ತೇ ಅಪಾಯದ ಹೊತ್ತು. ಇಳಿದವನು ಬೀಳ್ತಾನೆ, ಎತ್ತೋಕೆ ಇಳಿದ ಅಣ್ಣ ಬೀಳ್ತಾನೆ, ಅವನ ಹಿಂದೆ ಇನ್ನೊಬ್ಬ. ಒಂದೇ ಗುಂಡಿಯಲ್ಲಿ ಇಬ್ಬರು ಮೂವರು ಸಾಯೋದು ಹೀಗೆ. ಕಡ್ಡಿ ಗೀರಿ ನೋಡೋದು, ದೀಪ ಇಳಿಸೋದು ಇನ್ನೂ ಕೆಟ್ಟದ್ದು, ಮೀಥೇನ್ ಹೊತ್ತಿಕೊಳ್ಳುತ್ತೆ.

ಈಗ ಮನೆಗೆ ಬರೋಣ. ಈ ಸಲ ಊರಿಗೆ ಹೋದಾಗ ಮೂರು ವಿಷಯ ಕೇಳಿ. ನಮ್ಮ ಟಾಕಿ ಎಷ್ಟು ವರ್ಷದಿಂದ ತುಂಬಿಲ್ಲ? ಬೋರು ಎಷ್ಟು ಹೆಜ್ಜೆ ದೂರ ಇದೆ? ಬಚ್ಚಲ ನೀರು ಎಲ್ಲಿಗೆ ಹೋಗುತ್ತೆ? ಹತ್ತು ಹದಿನೈದು ವರ್ಷ ತುಂಬಿಲ್ಲ ಅಂದ್ರೆ ಖುಷಿ ಪಡಬೇಡಿ, ಅನುಮಾನ ಪಡಿ. ಬೋರಿನ ನೀರನ್ನ ಪರೀಕ್ಷೆ ಮಾಡಿಸಿ. ಮಳೆಗಾಲದಲ್ಲಿ ಮಾತ್ರ ತುಂಬಿ ಉಕ್ಕುತ್ತೆ ಅಂದ್ರೆ ಹೊರಗಿನ ನೀರು ಒಳಗೆ ಬರ್ತಿದೆ. ಸದಾ ಉಕ್ಕುತ್ತೆ ಅಂದ್ರೆ ಇಂಗುಗುಂಡಿಯ ಕಣ್ಣು ಮುಚ್ಚಿದೆ. ಇಂಗುಗುಂಡಿ ಕಟ್ಟಿಕೊಂಡಿದ್ರೆ ಟಾಕಿ ಒಡೆಯಬೇಡಿ, ಇಂಗುಗುಂಡಿ ಹೊಸದು ಮಾಡಿ. ಕಾಲುವೆ ನೆಲದಲ್ಲಿ ಆಳ ಬೇಡ, ಗುಂಡಿಯನ್ನ ನೆಲದಿಂದ ಎತ್ತರಿಸಿ ಸುತ್ತ ಮಣ್ಣು ಏರಿಸಿ. ಯಂತ್ರದ ಗಾಡಿ ಕರೆಸಿದಾಗ ಅದು ಎಲ್ಲಿಗೆ ಸುರಿಯುತ್ತೆ ಅಂತಲೂ ಕೇಳಿ. 2015ರಲ್ಲಿ ದೇವನಹಳ್ಳಿಯಲ್ಲಿ ಇಂಥ ಕೆಸರನ್ನ ಗೊಬ್ಬರ ಮಾಡೋ ಘಟಕ ಶುರುವಾಯ್ತು. ನಿಮ್ಮೂರ ಗಾಡಿ ಹಳ್ಳಕ್ಕೆ ಸುರಿಯುತ್ತೆ ಅಂದ್ರೆ, ಪಂಚಾಯ್ತಿ ಸಭೆಯಲ್ಲಿ ಎದ್ದು ಕೇಳಬೇಕಾದ ಪ್ರಶ್ನೆ ಅದು.

ಆಯಿಯ ಮನೆಯಲ್ಲಿ ಏನಾಯ್ತು? ಹಳೇ ಟಾಕಿಯನ್ನ ಗಾಡಿ ತರಿಸಿ ಖಾಲಿ ಮಾಡಿಸಿದ್ವಿ, ಯಾರೂ ಒಳಗೆ ಇಳಿಯಲಿಲ್ಲ. ಆಮೇಲೆ ಅದನ್ನ ಮಣ್ಣು ಹಾಕಿ ಮುಚ್ಚಿದ್ವಿ. ಹಿತ್ತಿಲ ತುದಿಗೆ, ಬೋರಿನಿಂದ ಅಳೆದು 60 ಅಡಿ ಬಿಟ್ಟು, ಎರಡು ಗುಂಡಿ ತೋಡಿಸಿ ಸುತ್ತ ಒಂದಡಿ ಉಸುಕು ತುಂಬಿಸಿದ್ವಿ. ಬಚ್ಚಲ ನೀರು ನುಗ್ಗೆ ಗಿಡಕ್ಕೆ ಹೋಗುತ್ತೆ. ಮುತ್ಯಾ ಕಟ್ಟೆ ಮೇಲೆ ಕೂತು ಎಲ್ಲ ನೋಡಿದ, ಮಾತಾಡಲಿಲ್ಲ.

ಮೂರು ವರ್ಷದ ಮೇಲೆ ಆಯಿ ಫೋನ್ ಮಾಡಿದ್ಲು. "ಒಂದು ಗುಂಡಿ ತುಂಬ್ಯಾದ ನೋಡಪಾ. ನಿಮ್ಮ ಮುತ್ಯಾ ಬೆಳಿಗ್ಗಿನೇ ಎದ್ದು ಪೈಪ್ ಮಗ್ಗಲಿನ ಗುಂಡಿಗಿ ತಿರುವ್ಯಾನ. ಇನ್ನೆರಡು ವರ್ಷ ಬಿಟ್ಟು ಗೊಬ್ಬರ ಹೊಲಕ್ಕ ಹಾಕ್ತೀನಂತ ಎಲ್ಲಾರಿಗೂ ಹೇಳಕೋತ ಹೊಂಟಾನ."

ಈ ಸಂಚಿಕೆಯನ್ನ ಮನೆಯ ಗ್ರೂಪಿಗೆ ಒಮ್ಮೆ ಕಳಿಸಿ, ಮುಖ್ಯವಾಗಿ ಮನೆ ಕಟ್ಟಿಸ್ತಿರೋ ಕಾಕಾಗೆ. ಮತ್ತೆ ಸಿಗೋಣ.